ಬಾಯಿ ತೆಗೀದೆ ಸುಮ್ನೆ ಕೂತ್ರೆ ಅದು ಪ್ರಾರ್ಥನೆ ಆಗಲ್ವಾ?

ಅಡುಗೆಮನೆ_ಕಿಟಕಿ:

ಎಲ್ರಿಗೂ ವಂದನೆಗಳು. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ನಾನು ಬೆಳೆದಿದ್ದು ಕೋಲಾರದ ಕಡೆ ಮೆಥಡಿಸ್ಟ್ ಸಭೆಯಲ್ಲಿ, ಮದುವೆ ಆದ್ಮೇಲೆ ಬೆಂಗಳೂರಲ್ಲಿ ಗಂಡನ ಮನೆಯವರು ಹೋಗೋ ಪೆಂಟೆಕೋಸ್ಟ್ ಸಭೆಗೇ ಹೋಗ್ತಿದೀನಿ. ಜನ ತುಂಬಾ ಒಳ್ಳೆಯವರು, ಅದ್ರಲ್ಲಿ ಎರಡು ಮಾತಿಲ್ಲ, ಅತ್ತೆಗೆ ಆಪರೇಷನ್ ಆದಾಗ ಊಟ ತಂದುಕೊಟ್ಟು ಆಸ್ಪತ್ರೇಲಿ ರಾತ್ರಿಯೆಲ್ಲಾ ಕೂತವರು ಅವ್ರೇ. ಆದ್ರೆ ಪ್ರಾರ್ಥನೆ ಅಂದ್ರೆ ಅಲ್ಲಿ ಶುರುವಿಂದ ಕೊನೇವರೆಗೂ ಸೌಂಡು. ಕೀಬೋರ್ಡು, ಪ್ಯಾಡು, ಎರಡು ಮೈಕು, ಎಲ್ರೂ ಒಟ್ಟಿಗೆ ಗಟ್ಟಿಯಾಗಿ, ಎಲ್ಲಾದ್ರೂ ಒಂದು ಗ್ಯಾಪ್ ಬಂತೋ ಯಾರಾದ್ರೂ ಒಬ್ರು ಹಲ್ಲೆಲೂಯಾ ಅಂದು ತುಂಬಿಸಿಬಿಡ್ತಾರೆ. ನಂಗೆ ಅಲ್ಲಿ ಕಣ್ಣು ಮುಚ್ಚಿದ್ರೆ ನನ್ನದು ಅಂತ ಏನೂ ಬರಲ್ಲ, ಪಕ್ಕದವರ ಪ್ರಾರ್ಥನೆ ಕೇಳಿಸ್ಕೊಂಡು ಕೂತಿರ್ತೀನಿ ಅಷ್ಟೆ.

ಅದೇ ಬೆಳಿಗ್ಗೆ ಯಾರೂ ಏಳೋಕೆ ಮುಂಚೆ ಹಾಲು ಕಾಯಕ್ಕಿಟ್ಟು ಅಡುಗೆಮನೇಲಿ ನಿಂತಿರ್ತೀನಲ್ಲ, ಆಗ ಏನೂ ಕೇಳ್ಕೊಳ್ದೆ ಏನೂ ಹೇಳ್ದೆ ದೇವರ ಮುಂದೆ ಇದೀನಿ ಅನ್ಸತ್ತೆ. ಇದನ್ನ ಲೇಡೀಸ್ ಮೀಟಿಂಗಲ್ಲಿ ಹೇಳಿದ್ದಕ್ಕೆ ಹಿರಿಯ ಆಂಟಿ ಒಬ್ರು, ಸುಮ್ನೆ ಕೂರೋದೆಲ್ಲ ಯೋಗ ಧ್ಯಾನ ಮಾಡೋರ ಪದ್ಧತಿ ಕಣಮ್ಮ, ನಮ್ದಲ್ಲ, ಮನಸ್ಸು ಖಾಲಿ ಬಿಟ್ರೆ ಬೇರೆ ಯಾವ್ದೋ ಬಂದು ಕೂತ್ಕೊಳತ್ತೆ ಅಂದ್ರು. ಅವ್ರು ಪ್ರೀತಿಯಿಂದಾನೇ ಹೇಳಿದ್ದು, ಆದ್ರೂ ಅವತ್ತಿಂದ ಹಾಲು ಕಾಯಿಸುವಾಗ್ಲೂ ಏನಾದ್ರೂ ಗೊಣಗ್ತಾನೇ ಇರ್ತೀನಿ, ಭಯ!

ಇದು ನಿಜವಾಗ್ಲೂ ನಮ್ದಲ್ವಾ? ಬೈಬಲ್‌ನಲ್ಲಿ ಇದ್ಯಾ? ಇನ್ನೊಂದು, ನಮ್ದು ಒಂದೇ ಬೆಡ್‌ರೂಮಿನ ಮನೆ, ಐದು ಜನ, ಮಾವ ಹಾಲಲ್ಲಿ ಮಲಗ್ತಾರೆ, ಏಕಾಂತ ಅಂತ ಎಲ್ಲಿಗೆ ಹೋಗ್ಲಿ? ಅಕಸ್ಮಾತ್ ಜಾಗ ಸಿಕ್ಕಿದ್ರೂ ಸ್ವಲ್ಪ ಹೊತ್ತಿಗೆಲ್ಲ ತಲೆಯೊಳಗೆ ಸ್ಕೂಲ್ ಫೀಸು, ಗ್ಯಾಸ್ ಬುಕ್ ಮಾಡಿದ್ನಾ, ಯಾರ್ದೋ ಸ್ಟೇಟಸ್ಸು… ಇದನ್ನ ಪ್ರಾರ್ಥನೆ ಅಂತ ಹೇಗ್ ಕರೀಲಿ?

ಕುಡ್ಲದ_ಮಾಮ್:

ಇದೆಂಥ ಮಾರಾಯ್ರೆ, ಸುಮ್ಮನೆ ಕೂತರೆ ಬೇರೆ ಯಾವುದೋ ಬರ್ತದೆ ಅಂತ ಆದರೆ ನಮ್ಮ ಮಂಗಳೂರಿನ ಕಾರ್ಮೆಲ್ ಮಠದ ಸಿಸ್ಟರುಗಳ ಗತಿ ಏನು? 1870ರಲ್ಲಿ ಫ್ರಾನ್ಸಿನಿಂದ ಹೊರಟು ಬಂದವರು ಅವರು, ದಾರಿಯಲ್ಲೇ ಕೆಲವರು ತೀರಿಕೊಂಡರು, ಉಳಿದವರು ಬಂದು ಇಲ್ಲಿ ಮಠ ಕಟ್ಟಿದ್ದು. ಶಾಲೆ ನಡೆಸುದಲ್ಲ, ಆಸ್ಪತ್ರೆ ಅಲ್ಲ, ಒಳಗೆ ಕೂತು ಪ್ರಾರ್ಥನೆ ಮಾಡುದೇ ಅವರ ಕೆಲಸ. ಆ ಗುಂಪಿನಲ್ಲಿ ಮರಿಯಂ ಬವಾರ್ದಿ ಅಂತ ಒಬ್ಬಳು ಹುಡುಗಿ ಇದ್ದಳು, ಯೇಸುಸ್ವಾಮಿಯ ನಾಡಿನವಳೇ, ಗಲಿಲಾಯದ ಇಬಿಲಿನ್ ಅಂತ ಹಳ್ಳಿ, ಸರಿಯಾಗಿ ಓದು ಬರಹ ಬರುದಿಲ್ಲ. ಅವಳು ಮಠದ ವ್ರತ ತೆಗೆದುಕೊಂಡದ್ದು 1871ರ ನವೆಂಬರಿನಲ್ಲಿ ಇದೇ ಮಂಗಳೂರಲ್ಲಿ. ಅವಳ ಪ್ರಾರ್ಥನೆಯ ಅನುಭವಗಳನ್ನು ನೋಡಿ ಇಲ್ಲಿಯ ಹಿರಿಯರಿಗೂ ಸಂಶಯ ಬಂತು, ಇದು ಸೈತಾನನದ್ದೋ ಭ್ರಮೆಯೋ ಅಂತ, ಮರುವರ್ಷವೇ ವಾಪಸ್ಸು ಫ್ರಾನ್ಸಿಗೆ ಕಳಿಸಿದರು. 2015ರಲ್ಲಿ ಪೋಪ್ ಅವಳನ್ನು ಸಂತಳು ಅಂತ ಘೋಷಿಸಿದರು. ನಿಮ್ಮ ಆಂಟಿ ಹೇಳಿದ್ದು ಹೊಸ ಸಂಶಯ ಅಲ್ಲ ಅಂತ ಹೇಳ್ಲಿಕ್ಕೆ ಇಷ್ಟು ಬರೆದದ್ದು.

ತಲೆಯೊಳಗೆ ಗ್ಯಾಸು ಫೀಸು ಬರುದಕ್ಕೆ ಹೆದರಬೇಡಿ. ಆವಿಲಾದ ಸಂತ ತೆರೇಸಾ ಗೊತ್ತುಂಟಲ್ಲ, ಕಾರ್ಮೆಲ್ ಸಭೆಯನ್ನು ಸುಧಾರಣೆ ಮಾಡಿದ ದೊಡ್ಡ ಹೆಂಗಸು, ಕಥೋಲಿಕ ಸಭೆ ಮಹಿಳೆಯೊಬ್ಬಳಿಗೆ ಧರ್ಮಪಂಡಿತೆ ಅಂತ ಪದವಿ ಕೊಟ್ಟದ್ದೇ ಮೊದಲು ಅವಳಿಗೆ, 1970ರಲ್ಲಿ. ಅಂಥವಳೇ ತನ್ನ ಜೀವನದ ಬಗ್ಗೆ ಬರೆಯುವಾಗ ಹೇಳ್ತಾಳೆ, ಎಷ್ಟೋ ವರ್ಷ ಪ್ರಾರ್ಥನೆಗೆ ಕೂತರೆ ದೇವರಿಗಿಂತ ಹೆಚ್ಚು ಗಮನ ಗಂಟೆ ಯಾವಾಗ ಹೊಡೀತದೆ ಅನ್ನುದರ ಮೇಲೇ ಇರ್ತಿತ್ತು, ಪ್ರಾರ್ಥನಾಲಯದ ಒಳಗೆ ಕಾಲಿಡ್ಲಿಕ್ಕೇ ಬೇಸರ ಆಗ್ತಿತ್ತು ಅಂತ. ಅವಳಿಗೆ ಹಾಗೆ ಆದ ಮೇಲೆ ನಾವು ನೀವು ಯಾವ ಲೆಕ್ಕ. ಅವಳ ಪ್ರಕಾರ ಪ್ರಾರ್ಥನೆ ಅಂದರೆ ನಮ್ಮನ್ನು ಪ್ರೀತಿಸ್ತಾನೆ ಅಂತ ಗೊತ್ತಿರುವ ಒಬ್ಬನ ಜೊತೆ ಆಗಾಗ ಒಬ್ಬರೇ ಕೂತು ಸ್ನೇಹದಿಂದ ಸಮಯ ಕಳೆಯುದು, ಅಷ್ಟೆ. ಎದುರು ಒಬ್ಬ ಇದ್ದಾನೆ ನೋಡಿ, ಖಾಲಿ ಎಲ್ಲಿಂದ ಬಂತು?

ಬ್ರದರ್_ಶಿವಮೊಗ್ಗ:

ಸಿಸ್ಟರ್, ಕರ್ತನ ನಾಮದಲ್ಲಿ ವಂದನೆ. ನಾನೂ ಪೆಂಟೆಕೋಸ್ಟ್ ಸಭೆಯವನೇ, ನಮ್ಮ ಸಭೇಲೂ ಮೈಕು ಜೋರೇ. ಮಂಗಳೂರಿನವರು ಹೇಳಿದ್ದಕ್ಕೆ ನನ್ನ ಜಗಳ ಏನಿಲ್ಲ ಆದ್ರೆ ಒಂದೇ ಕಡೆ ವಾಲಿಸ್ಬೇಡಿ. ಗಟ್ಟಿಯಾಗಿ ಪ್ರಾರ್ಥನೆ ಮಾಡೋದು ಏನೋ ಕಡಿಮೆ ದರ್ಜೆದು, ಸುಮ್ನೆ ಕೂರೋದು ಓದಿರೋರದ್ದು ಅನ್ನೋ ಥರ ಇತ್ತೀಚೆಗೆ ಒಂದು ಫ್ಯಾಷನ್ ಆಗ್ಬಿಟ್ಟಿದೆ. ಅಪೊಸ್ತಲರ ಕೃತ್ಯಗಳು ನಾಲ್ಕನೇ ಅಧ್ಯಾಯ ತೆಗೆದು ನೋಡಿ, ವಿಶ್ವಾಸಿಗಳೆಲ್ಲ ಒಮ್ಮನಸ್ಸಿನಿಂದ ದೇವರಿಗೆ ಕೂಗಿ ಪ್ರಾರ್ಥನೆ ಮಾಡಿದ್ರು, ಅವರು ಕೂಡಿದ್ದ ಜಾಗ ಅಲ್ಲಾಡ್ತು. ಫಿಲಿಪ್ಪಿ ಊರಿನ ಜೈಲಲ್ಲಿ ಅಪೊಸ್ತಲ ಪೌಲ, ಅವನ ಜೊತೆಗಾರ ಸೀಲ ಮಧ್ಯರಾತ್ರೀಲಿ ಹಾಡಿದ್ದು ಅಕ್ಕಪಕ್ಕದ ಕೈದಿಗಳಿಗೆಲ್ಲ ಕೇಳಿಸ್ತಿತ್ತು. ಹಗಲೆಲ್ಲ ಗಾರೆ ಕೆಲಸ ಮಾಡಿ, ಮೇಸ್ತ್ರಿ ಹತ್ರ ಬೈಸ್ಕೊಂಡು, ವಾರಕ್ಕೆ ಒಂದು ದಿನ ಬಾಯಿ ಬಿಟ್ಟು ಅಳೋಕೆ ಒಂದು ಜಾಗ ಸಿಗೋದು ಅಂದ್ರೆ ಏನು ಅಂತ ನಮ್ಮ ಸಭೇಲಿ ನೋಡಿದೀನಿ, ಅದನ್ನ ಸೌಂಡು ಅಂತ ಒಂದು ಮಾತಲ್ಲಿ ತಳ್ಳಿಹಾಕ್ಬೇಡಿ ಸಿಸ್ಟರ್.

ಆಂಟಿ ಹೇಳಿದ್ದಕ್ಕೂ ಒಂದು ಆಧಾರ ಇದೆ, ಮತ್ತಾಯ ಹನ್ನೆರಡರಲ್ಲಿ ಗುಡಿಸಿ ಸಿಂಗರಿಸಿ ಖಾಲಿ ಬಿಟ್ಟ ಮನೆಗೆ ದೆವ್ವ ಇನ್ನೂ ಏಳು ದೆವ್ವಗಳನ್ನ ಕರ್ಕೊಂಡು ಬರೋ ಮಾತು ಇದೆಯಲ್ಲ. ಅವ್ರು ಅದನ್ನೇ ಮನಸ್ಸಲ್ಲಿಟ್ಕೊಂಡು ಹೇಳಿರ್ತಾರೆ. ಆದ್ರೆ ಅಲ್ಲಿ ಯೇಸು ಬೈತಿರೋದು ತನ್ನನ್ನ ಒಪ್ಪದೆ ಇರೋ ಸಂತತಿಯನ್ನ, ಬೆಳಿಗ್ಗೆ ಎದ್ದು ದೇವರನ್ನ ನೆನೆಯೋ ಹೆಣ್ಣುಮಗಳನ್ನಲ್ಲ.

ಇನ್ನು ಬೈಬಲಲ್ಲಿ ಇದ್ಯಾ ಅಂದ್ರೆ, ಮಾರ್ಕ 1:35. ಅದರ ಹಿಂದು ಮುಂದಿನ ವಚನ ಸೇರಿಸಿ ಓದ್ಬೇಕು. ಹಿಂದಿನ ಸಂಜೆ ಕಪೆರ್ನೌಮ ಊರಿಗೆ ಊರೇ ಬಾಗಿಲ ಹತ್ರ ಬಂದು ನಿಂತಿದೆ, ರೋಗಿಗಳು, ದೆವ್ವ ಹಿಡಿದೋರು, ಪೂರ್ತಿ ಸೇವೆ. ಮಾರನೇ ದಿನ ಯೇಸು ಇನ್ನೂ ಕತ್ತಲಿರುವಾಗ್ಲೇ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡ್ತಿದಾನೆ. ಶಿಷ್ಯ ಸೀಮೋನ ಹುಡುಕ್ಕೊಂಡು ಬಂದು ಎಲ್ರೂ ನಿನ್ನನ್ನ ಹುಡುಕ್ತಿದಾರೆ ಅಂದ್ರೆ ಯೇಸು ಏನಂದ? ಬೇರೆ ಊರುಗಳಿಗೆ ಹೋಗೋಣ ಅಂದ! ನಾವಾಗಿದ್ರೆ ಅಷ್ಟು ಜನ ಸೇರಿದಾರೆ ಅಂತ ಅಲ್ಲೇ ಪೆಂಡಾಲ್ ಹಾಕಿಸ್ತಿದ್ವಿ. ಜನ ಕರೆದ ಕಡೆ ಹೋಗ್ದೆ ತಂದೆ ಕಳಿಸಿದ ಕಡೆ ಹೋಗೋ ಧೈರ್ಯ ಅವನಿಗೆ ಆ ಕತ್ತಲಲ್ಲಿ ಸಿಕ್ತು ಅಂತ ನಾನು ಓದ್ಕೊಳ್ತೀನಿ. ನಮ್ಮ ಸೇವಕರಿಗೆ ಇದು ಬೇಕಾಗಿದೆ, ನಂಗೂ.

ಸಭೆ ಮಾತ್ರ ಬಿಡ್ಬೇಡಿ.

ಹಳೇ_ಮಿಶನ್_ಕಂಪೌಂಡ್:

ಅಕ್ಕಾರ, ಧಾರವಾಡ ಕಡೆಯಾಂವ ನಾನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾಂವ. ಬ್ರದರ್ ಛಲೋ ಬರದಾರ, ಆದ್ರ ನಿಮ್ಮ ಪ್ರಶ್ನೆಗೆ ಸರೀ ಉತ್ತರ ಹಳೇ ಒಡಂಬಡಿಕೆಯೊಳಗ ಒಂದ್ ಹೆಣಮಗಳ ಹತ್ರ ಐತ್ರಿ. ಹನ್ನ. ಮಕ್ಕಳಿಲ್ಲ ಅಂತ ಮನ್ಯಾಗ ಚುಚ್ಚಿ ಚುಚ್ಚಿ ಮಾತಾಡ್ತಿದ್ರು, ಶೀಲೋದ ದೇವಾಲಯಕ್ಕ ಹೋಗಿ ಅತ್ಕೋಂತ ಮನಸಿನ್ಯಾಗ ಪ್ರಾರ್ಥನಾ ಮಾಡಿದ್ಳು. ತುಟಿ ಅಷ್ಟ ಅಲ್ಲಾಡ್ತಿದ್ವು, ಧ್ವನಿ ಕೇಳ್ತಿದ್ದಿಲ್ಲ. ಬಾಗಿಲ ಹತ್ರ ಕುಂತಿದ್ದ ಯಾಜಕ ಏಲಿ ನೋಡಿ ಏನಂದಾ? ಕುಡದೀ ಏನು, ಎಷ್ಟೊತ್ತು ಹಿಂಗ ಇರ್ತಿ ಅಂದಾ! ಆಕಿ, ಇಲ್ರಿ ಸ್ವಾಮಿ, ಕುಡದಿಲ್ಲ, ಮನಸಿನ ದುಃಖ ದೇವರ ಮುಂದ ಹೊಯ್ಯಾಕತ್ತೇನಿ ಅಂದ್ಳು. ಆಮ್ಯಾಲೆ ಆಕಿಗೆ ಮಗ, ಪ್ರವಾದಿ ಸಮುವೇಲ ಹುಟ್ಟಿದ್ದು ಎಲ್ಲಾರಿಗೂ ಗೊತ್ತೈತಿ. ಬಾಯಿ ತೆಗೀದ ಮಾಡಿದ ಪ್ರಾರ್ಥನಾ ದೇವಾಲಯದ ದೊಡ್ಡ ಮನಶ್ಯಾಗ ತಿಳೀಲಿಲ್ಲ, ದೇವರಿಗೆ ತಿಳೀತು. ಸಾಲದಾ?

ಇನ್ನ ಮನಸ್ಸು ಓಡಾಡೂದು. ನಾಲ್ಕನೇ ಶತಮಾನದಾಗ ಈಜಿಪ್ತಿನ ಮರಳುಗಾಡಿನ್ಯಾಗ ಸಾವಿರಗಟ್ಟಲೆ ಜನ ಒಬ್ಬೊಬ್ರ ಗುಡಿಸಲು ಮಾಡ್ಕೊಂಡು ಇದೇ ಕೆಲಸ ಮಾಡ್ತಿದ್ರು. ಅವರಾಗ ಎವಾಗ್ರಿಯಸ್ ಅಂತ ಒಬ್ಬಾಂವ, ಕಾನ್‌ಸ್ಟಾಂಟಿನೋಪಲ್ ಪಟ್ಣ ಬಿಟ್ಟು ಬಂದಾಂವ, 399ರಾಗ ತೀರಿಕೊಂಡ. ಮಧ್ಯಾಹ್ನದ ದೆವ್ವ ಅಂತ ಒಂದರ ಬಗ್ಗೆ ಬರದಾನ, ಮುಂಜಾನೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಅದರ ಡ್ಯೂಟಿ. ಸನ್ಯಾಸಿ ಕುಂತಾನ, ಹೊತ್ತು ಹೋಗವಲ್ದು, ದಿನಕ್ಕ ಐವತ್ತು ತಾಸು ಅದಾವೇನೋ ಅನಸ್ತೈತಿ, ಸೂರ್ಯ ಎಲ್ಲಿ ಬಂದಾನ ಊಟದ ಹೊತ್ತಾತೇನು ಅಂತ ಹೊರಗ ಬಂದು ನೋಡ್ತಾನ, ಯಾರರ ಬರ್ತಾರೇನು ಅಂತ ಆ ಕಡೆ ಈ ಕಡೆ ನೋಡ್ತಾನ, ಆಮ್ಯಾಲೆ ಈ ಜಾಗಾನ ಬ್ಯಾಡ, ದೇವರನ್ನ ಎಲ್ಲಿ ಬೇಕಾದ್ರೂ ಆರಾಧಿಸಬಹುದಲ್ಲ, ಮನಿ ಮಂದಿ ಹೆಂಗದಾರೋ ಅಂತ ನೆನಪು ಶುರು. ಫೋನ್ ಇರ್ಲಿಲ್ಲ ಅಷ್ಟ, ಇಲ್ಲಾಂದ್ರ ಅದನ್ನೂ ತಗೀತಿದ್ದ. ಇದಕ್ಕ ಅವರು ಕೊಟ್ಟ ಔಷಧ ಒಂದ: ಎದ್ದು ಹೋಗಬ್ಯಾಡ. ಮನಸ್ಸು ನಿಂತ್ರ ಪ್ರಾರ್ಥನಾ, ಇಲ್ಲಾಂದ್ರ ಇಲ್ಲ ಅಂತ ಅವರು ಎಂದೂ ಹೇಳಿಲ್ರಿ.

ಅವರಿಗಿಂತ ಮೊದಲಿನ ಮರಳುಗಾಡಿನ ಸನ್ಯಾಸಿ ಅಂತೋನಿ ಇಪ್ಪತ್ತು ವರ್ಷದ ಹತ್ರ ಹತ್ರ ಒಂದು ಪಾಳು ಕೋಟೆಯೊಳಗ ಒಬ್ಬಾವನ ಇದ್ದ ಅಂತ ಅವನ ಚರಿತ್ರೆಯೊಳಗ ಐತಿ. ಎಲ್ಲಾರೂ ಅಷ್ಟಕ್ಕ ನಿಲ್ಲಿಸ್ತಾರ. 311ರಾಗ ಕ್ರೈಸ್ತರನ್ನ ಹಿಡದು ಕೊಲ್ಲಾಕ ಶುರು ಮಾಡಿದಾಗ ಇದ ಮನಶ್ಯಾ ಮರಳುಗಾಡು ಬಿಟ್ಟು ಅಲೆಕ್ಸಾಂಡ್ರಿಯಾಕ್ಕ ಹೋಗಿ, ಗಣಿಯೊಳಗ ಜೈಲಿನ್ಯಾಗ ಇದ್ದ ವಿಶ್ವಾಸಿಗಳ ಸೇವಾ ಮಾಡಿದ, ಕೋರ್ಟಿನ್ಯಾಗ ಹೋಗಿ ಅವರಿಗೆ ಧೈರ್ಯ ಹೇಳಿದ. ಏಕಾಂತ ಅಂದ್ರ ತಪ್ಪಿಸ್ಕೊಂಡು ಓಡೂದು ಅನ್ನಾವರು ಇದನ್ನೂ ಓದ್ಬೇಕು.

ಬ್ರದರ್ ಸಭೆ ಬಿಡಬ್ಯಾಡ್ರಿ ಅಂದ್ರಲ್ಲ, ಜರ್ಮನಿಯ ಪಾಸ್ಟರ್ ಬೋನ್‌ಹಾಫರ್ ಎರಡೂ ಕೂಡಿಸಿ ಹೇಳ್ಯಾರ: ಒಬ್ಬಾವನ ಇರಾಕ ಬರದಾಂವ ಸಭೆಯೊಳಗ ಹುಷಾರಿರಬೇಕು, ಸಭೆಯೊಳಗ ಇರಾಕ ಬರದಾಂವ ಒಬ್ಬಾವನ ಇರೂವಾಗ ಹುಷಾರಿರಬೇಕು. ಹಿಟ್ಲರನ ಕಾಲದಾಗ ಫಿಂಕೆನ್‌ವಾಲ್ಡೆ ಅನ್ನೂ ಊರಾಗ ಪಾಸ್ಟರ್ ಆಗೂ ಹುಡುಗರಿಗೆ ಟ್ರೇನಿಂಗ್ ಕೊಡ್ತಿದ್ರು, ದಿನಾ ಮುಂಜಾನೆ ಅರ್ಧ ತಾಸು ಒಂದ ವಚನ ಹಿಡ್ಕೊಂಡು ಸುಮ್ನ ಕುಂದ್ರೂದು, ಕಡ್ಡಾಯ. ಹುಡುಗರು ಗೊಣಗಿದ್ರಂತ, ಏನ್ ಮಾಡಬೇಕಂತ ತಿಳೀವಲ್ದು, ನಿದ್ದಿ ಬರ್ತೈತಿ ಅಂತ. ಅವರು ಬಿಡ್ಲಿಲ್ಲ. 1937ರಾಗ ಪೊಲೀಸರು ಆ ಶಾಲೆ ಮುಚ್ಚಿಸಿದ್ರು, ಅದರಾಗಿನ ಹುಡುಗರು ಎಷ್ಟೋ ಮಂದಿ ಆಮ್ಯಾಲೆ ಜೈಲು ನೋಡಿದ್ರು. ಒಂಟಿ ಖೋಲಿಯೊಳಗ ಮೈಕೂ ಇಲ್ಲ ಕೀಬೋರ್ಡೂ ಇಲ್ರಿ.

ನೈಟ್‌ಶಿಫ್ಟ್_ನರ್ಸ್:

ಎಲ್ರೂ ದೊಡ್ಡ ದೊಡ್ಡ ವಿಷಯ ಹೇಳಿದ್ರಿ, ಜಾಗ ಎಲ್ಲಿ ಅಂತ ಅಕ್ಕ ಕೇಳಿದ್ದಕ್ಕೆ ಮಾತ್ರ ಗಂಡಸರು ಯಾರೂ ಉತ್ತರ ಕೊಡ್ಲಿಲ್ಲ ನೋಡಿ 😄

ಅಕ್ಕಾ ನೀವು ಮೆಥಡಿಸ್ಟ್ ಅಂದ್ರಲ್ಲ, ಆ ಸಭೆ ಶುರು ಮಾಡಿದ ನಿಮ್ಮ ಜಾನ್ ವೆಸ್ಲಿಯವರ ತಾಯಿ ಸುಸಾನಾ ಕಥೆ ಸಂಡೇಸ್ಕೂಲಲ್ಲಿ ಕೇಳಿರ್ಬೇಕು. ಹತ್ತೊಂಬತ್ತು ಹೆರಿಗೆ, ಅರ್ಧಕ್ಕರ್ಧ ಮಕ್ಕಳು ಚಿಕ್ಕದ್ರಲ್ಲೇ ಹೋದ್ವು, ಗಂಡ ಸಾಲ ಮಾಡ್ಕೊಂಡು ಜೈಲಿಗೂ ಹೋಗಿ ಬಂದಿದ್ದ. ಮನೆ ತುಂಬ ಮಕ್ಕಳು, ಬಾಗಿಲು ಹಾಕ್ಕೊಳ್ಳೋಕೆ ರೂಮೆಲ್ಲಿ, ಏಪ್ರನ್ ಎತ್ತಿ ತಲೆ ಮೇಲೆ ಮುಸುಕು ಹಾಕ್ಕೊಂಡು ಅದರೊಳಗೇ ಪ್ರಾರ್ಥನೆ ಮಾಡ್ತಿದ್ರು, ಅಮ್ಮ ಮುಸುಕು ಹಾಕಿದ್ರೆ ಯಾರೂ ಮಾತಾಡಿಸೋ ಹಾಗಿಲ್ಲ ಅಂತ ಮಕ್ಕಳಿಗೆ ಗೊತ್ತಿತ್ತು ಅಂತ ಹೇಳ್ತಾರೆ. ನಮ್ಗೆ ಸೆರಗು ಇದೆ, ದುಪಟ್ಟಾ ಇದೆ. ತಮಾಷೆ ಅಲ್ಲ, ಕೊಲ್ಲಿ ದೇಶದಲ್ಲಿ ನಾನು ಹಾಸ್ಟೆಲ್ ರೂಮು ಇನ್ನೂ ಮೂವರ ಜೊತೆ ಹಂಚ್ಕೊಂಡಿದ್ದಾಗ ಬಂಕ್ ಬೆಡ್ ಮೇಲೆ ದುಪಟ್ಟಾ ಮುಖದ ಮೇಲೆ ಎಳ್ಕೊಂಡು ಮಲಗಿ ಮಾಡಿದ್ದೇ ಪ್ರಾರ್ಥನೆ, ರೂಮ್‌ಮೇಟ್ಸ್ ನಿದ್ದೆ ಅನ್ಕೊಳ್ತಿದ್ರು.

ಅಡುಗೆಮನೆ ಅಂದ್ರಲ್ಲ, ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಇದ್ರು, 1691ರಲ್ಲಿ ತೀರಿಕೊಂಡ್ರು, ಮೊದ್ಲು ಸಿಪಾಯಿ, ಕಾಲು ಕುಂಟು, ಮಠದಲ್ಲಿ ಅಡುಗೆ ಕೆಲ್ಸಕ್ಕೆ ಹಾಕಿದ್ರು, ಅದೂ ಅವ್ರಿಗೆ ಅಡುಗೆ ಕೆಲ್ಸ ಅಂದ್ರೇ ಆಗ್ತಿರಲಿಲ್ಲ. ಪಾತ್ರೆ ಸದ್ದಿನ ಮಧ್ಯೆ ಒಂದೊಂದು ಜನ ಒಂದೊಂದು ಕೇಳ್ತಿರುವಾಗ್ಲೂ ಪರಮಪ್ರಸಾದದ (ಪೂಜೆಯ ಪವಿತ್ರ ರೊಟ್ಟಿಯ) ಮುಂದೆ ಮೊಣಕಾಲೂರಿದಷ್ಟೇ ಶಾಂತಿಯಿಂದ ದೇವರ ಜೊತೆ ಇರ್ತೀನಿ ಅಂತಿದ್ರು. ಹಾಲು ಕಾಯಿಸೋದು ಅದೇ ಕ್ಲಾಸಿನ ಪ್ರಾರ್ಥನೆ ಅಕ್ಕಾ.

ಒಂದು ಮಾತು ಮಾತ್ರ ಯಾರೂ ಹೇಳ್ಲಿಲ್ಲ ಅದಕ್ಕೆ ಹೇಳ್ತೀನಿ. ಎಲ್ರಿಗೂ ಎಲ್ಲಾ ಟೈಮಲ್ಲೂ ಒಬ್ಬರೇ ಸುಮ್ನೆ ಕೂರೋದು ಒಳ್ಳೇದಲ್ಲ. ಬಾಣಂತನ ಆದ ಹೊಸದ್ರಲ್ಲಿ, ಡಿಪ್ರೆಶನ್ ಇದ್ದಾಗ, ಮನೇಲಿ ಸಾವಾದಾಗ, ಸುಮ್ನೆ ಕೂತ್ರೆ ತಲೆಯೊಳಗಿನ ಕೆಟ್ಟ ಯೋಚನೆಗಳೇ ಗಟ್ಟಿಯಾಗಿ ಮಾತಾಡೋಕೆ ಶುರು ಮಾಡ್ತಾವೆ, ವಾರ್ಡಲ್ಲಿ ಅಂಥವ್ರನ್ನ ನೋಡಿದೀನಿ. ಆಗ ಡಾಕ್ಟರ ಹತ್ರ ಹೋಗಿ, ಜನರ ಮಧ್ಯೆ ಇರಿ, ಬೇರೆಯವರು ನಿಮ್ಮ ಪರವಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡ್ಲಿ. ಬೈಬಲ್‌ನ ಪ್ರವಾದಿ ಎಲೀಯ ಸಾಯ್ಬೇಕು ಅಂತ ಮರದ ಕೆಳಗೆ ಮಲಗಿದಾಗ ದೇವದೂತ ಬಂದು ಮೊದ್ಲು ಕೊಟ್ಟಿದ್ದು ರೊಟ್ಟಿ ನೀರು, ಅದೂ ಎರಡು ಸಲ, ಹೋರೇಬ್ ಬೆಟ್ಟದಲ್ಲಿ ಕೇಳಿದ ದೇವರ ಆ ಮೆಲ್ಲನೆ ಸ್ವರ ಎಲ್ಲ ಆಮೇಲೆ.

ಚಾಮುಂಡಿಪಾದ:

ಯೋಗ ಧ್ಯಾನ ನಮ್ದಲ್ಲ ಅನ್ನೋ ವಿಷ್ಯಕ್ಕೆ ಬರ್ತೀನಿ. ನಮ್ಮ ಮೈಸೂರಲ್ಲಿ ಚಾಮುಂಡಿಬೆಟ್ಟದ ಕೆಳಗೆ ಅಂಜಲಿ ಆಶ್ರಮ ಇದೆ, ಫಾದರ್ ಅಮಲೋರ್ಪವದಾಸ್ ಅವ್ರು 1979ರಲ್ಲಿ ಶುರು ಮಾಡಿದ್ದು, ಮೈಸೂರು ವಿವಿಯಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಶುರು ಮಾಡಿದ್ದೂ ಅವ್ರೇ, 1990ರಲ್ಲಿ ಆಕ್ಸಿಡೆಂಟಲ್ಲಿ ಹೋಗ್ಬಿಟ್ರು. ಅಲ್ಲಿ ಚಾಪೆ ಮೇಲೆ ನೆಲದಲ್ಲಿ ಕೂತು ಮೌನವಾಗಿ ಪ್ರಾರ್ಥನೆ. ಇನ್ನು ಬೆಂಗಳೂರಿನ ಕೆಂಗೇರಿಗೆ 1955ರಲ್ಲೇ ಬೀಡ್ ಗ್ರಿಫಿತ್ಸ್ ಅನ್ನೋ ಇಂಗ್ಲೆಂಡಿನ ಬೆನೆಡಿಕ್ಟೀನ್ (ಸಂತ ಬೆನೆಡಿಕ್ಟರ ನಿಯಮ ಪಾಲಿಸೋ ಕಥೋಲಿಕ ಪಂಗಡದ) ಸನ್ಯಾಸಿ ಬಂದು ಮಠ ಮಾಡೋಕೆ ನೋಡಿದ್ರು, ಅದು ನಿಲ್ಲಲಿಲ್ಲ, ಕೇರಳಕ್ಕೆ ಹೋಗಿ ಆಮೇಲೆ 1968ರಲ್ಲಿ ತಮಿಳುನಾಡಲ್ಲಿ ಕಾವೇರಿ ದಂಡೆ ಮೇಲಿನ ಶಾಂತಿವನಕ್ಕೆ ಸೇರ್ಕೊಂಡ್ರು. ಈಗಲೂ ಕೆಂಗೇರಿ ಕಡೆ ಮೈಸೂರು ರಸ್ತೇಲಿ ಆಶೀರ್ವನಂ ಅಂತ ಬೆನೆಡಿಕ್ಟೀನ್ ಮಠ ಇದೆ, ನಿಮಗೆ ಬೆಂಗಳೂರಿಂದ ಹತ್ರಾನೇ.

ನೆಲದ ಮೇಲೆ ಕೂತ ತಕ್ಷಣ ಹಿಂದೂ ಆಗಲ್ಲ, ಬೆಂಚಿನ ಮೇಲೆ ಕೂತ ತಕ್ಷಣ ಕ್ರೈಸ್ತರೂ ಆಗಲ್ಲ ಅಂತ ನನ್ನ ಅಭಿಪ್ರಾಯ.

ಬ್ರದರ್_ಶಿವಮೊಗ್ಗ:

@ಚಾಮುಂಡಿಪಾದ ಸರ್, ಇದನ್ನ ಪೂರ್ತಿ ಒಪ್ಪಲ್ಲ. ನೆಲದ ಮೇಲೆ ಕೂರೋದು ಬಿಡಿ, ಹಳ್ಳಿ ಸಭೇಲಿ ನಾವೆಲ್ಲ ಕೂತಿರೋದು ನೆಲದಲ್ಲೇ. ನನ್ನ ಪ್ರಶ್ನೆ ಯಾರ ಮುಂದೆ ಕೂತಿದೀವಿ ಅನ್ನೋದು. ಆಶ್ರಮಗಳ ಕಡೆ ಕೆಲವು ಸಲ ಎಲ್ಲಾ ಒಂದೇ ಅನ್ನೋ ಮಾತಿಗೆ ಹೋಗ್ಬಿಡತ್ತೆ, ಅಲ್ಲಿ ನಂಗೆ ಕಷ್ಟ. ಸಾಧು ಸುಂದರ್ ಸಿಂಗ್ 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ ತಗೊಂಡು ಕಾವಿ ಹಾಕ್ಕೊಂಡೇ ತಿರುಗಿದ್ರು, ಬೆಟ್ಟ ಕಾಡುಗಳಲ್ಲಿ ಒಬ್ಬರೇ ಪ್ರಾರ್ಥನೆ ಮಾಡ್ತಿದ್ರು, ಆದ್ರೆ ಬಾಯಿ ತೆಗೆದ್ರೆ ಯೇಸುವಿನ ಹೆಸರೇ. ಹಂಗಿದ್ರೆ ಕಾವಿಯೂ ಸರಿ ಮೌನವೂ ಸರಿ.

ಸಿಸ್ಟರ್ ಒಂದು ಪ್ರಾಕ್ಟಿಕಲ್ ಸಲಹೆ, ಒಂದೇ ಒಂದು ಚಿಕ್ಕ ವಚನ ಇಟ್ಕೊಳ್ಳಿ. ಮನಸ್ಸು ಗ್ಯಾಸ್ ಕಡೆ ಹೋದ್ರೆ ಬೈಕೊಳ್ದೆ ವಾಪಸ್ ವಚನಕ್ಕೆ ಬನ್ನಿ. ಯೇಸು ಹೇಳಿದ ಸಾಮ್ಯದಲ್ಲಿ, ದೇವಾಲಯದಲ್ಲಿ ಸುಂಕದವನು ಎದೆ ಬಡ್ಕೊಂಡು ಪಾಪಿಯಾದ ನನ್ನನ್ನ ಕರುಣಿಸು ಅಂದ್ನಲ್ಲ, ಅಷ್ಟೇ ಸಾಕು. ಅದನ್ನ ಯೇಸುವಿನ ಹೆಸರಿನ ಜೊತೆ ಸೇರಿಸಿ ಮತ್ತೆ ಮತ್ತೆ ಹೇಳೋ ಪ್ರಾರ್ಥನೆ ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಶತಮಾನಗಳಿಂದ ಇದೆ. ಪೆಂಟೆಕೋಸ್ಟ್‌ನವನು ಆರ್ಥಡಾಕ್ಸ್ ಪ್ರಾರ್ಥನೆ ಹೇಳ್ಕೊಡ್ತಿದೀನಿ ಅಂತ ನಮ್ಮ ಪಾಸ್ಟರಿಗೆ ಯಾರೂ ಹೇಳ್ಬೇಡಿ 🙏

ಅಡುಗೆಮನೆ_ಕಿಟಕಿ:

ಎಲ್ರಿಗೂ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ನಮ್ಮೆಜಮಾನ್ರಿಗೂ ಓದಿಸಿದೆ, ಅವ್ರಿಗೆ ಮರಳುಗಾಡಿನ ಮಧ್ಯಾಹ್ನದ ದೆವ್ವ ತುಂಬಾ ಇಷ್ಟ ಆಯ್ತು, ನಮ್ಮ ಆಫೀಸಲ್ಲೂ ಅದೇ ಟೈಮಿಗೇ ಬರತ್ತೆ ಅಂದ್ರು. ಬೆಳಿಗ್ಗೆ ನನ್ನ ಫೋನ್ ಅವ್ರ ಹತ್ರ ಇರತ್ತೆ, ಮಗು ಎದ್ರೆ ಅವ್ರು ನೋಡ್ಕೊಳ್ತಾರೆ ಅಂತ ಒಪ್ಪಂದ ಆಗಿದೆ, ಎಷ್ಟು ದಿನ ನಡೆಯತ್ತೋ ನೋಡ್ಬೇಕು. ಮೇಸ್ತ್ರಿ ಹತ್ರ ಬೈಸ್ಕೊಂಡು ಬಂದು ಅಳೋರ ಬಗ್ಗೆ ಬ್ರದರ್ ಬರೆದಿದ್ದು ಓದಿದ್ಮೇಲೆ ಭಾನುವಾರ ಪಕ್ಕದ ಸಾಲಿನಲ್ಲಿ ಕೂರೋ ಒಬ್ಬ ಅಕ್ಕನ ನೆನಪಾಯ್ತು, ಅವ್ರ ಪ್ರಾರ್ಥನೆ ಕೇಳಿಸ್ಕೊಂಡು ಕೂರೋದನ್ನೇ ನನ್ನ ಪ್ರಾರ್ಥನೆ ಅಂತ ಮಾಡ್ಕೊಬಹುದೇನೋ.

ಆಶೀರ್ವನಂ ಬಗ್ಗೆ, ಅಲ್ಲಿ ಹೆಂಗಸರು ಒಂದು ದಿನಕ್ಕೆ ಹೋಗಿ ಕೂತು ಬರ್ಬಹುದಾ? ಕಥೋಲಿಕರಲ್ಲದವರು? ಇನ್ನು ಹನ್ನನ ಕಥೆ ಮುಂದಿನ ಲೇಡೀಸ್ ಮೀಟಿಂಗಲ್ಲಿ ಸಾಕ್ಷಿ ಹೇಳುವಾಗ ಹೇಳೋಣ ಅಂತಿದೀನಿ, ಆಂಟಿನೂ ಇರ್ತಾರೆ.

ಚಾಮುಂಡಿಪಾದ:

ಹೋಗೋ ಮುಂಚೆ ಒಂದು ಫೋನ್ ಮಾಡಿ ಕೇಳ್ಬಿಡಿ, ಮಠಗಳಲ್ಲಿ ಗೆಸ್ಟ್‌ಗಳಿಗೆ ಅವ್ರದ್ದೇ ಟೈಮು ರೂಲ್ಸು ಇರತ್ತೆ. ಭಾನುವಾರ ಬೇಡ, ವಾರದ ದಿನ ಹೋಗಿ.

ಹಳೇ_ಮಿಶನ್_ಕಂಪೌಂಡ್:

ಸಾಕ್ಷಿ ಹೇಳ್ರಿ ಅಕ್ಕಾರ, ಅಗದೀ ಛಲೋ. ಏಲಿ ಹೆಸರು ಬರೂ ಮುಂದ ಆಂಟೀ ಕಡೆ ಮಾತ್ರ ನೋಡಬ್ಯಾಡ್ರಿ.